ಭಾರ ಹೊರಲು ಎಷ್ಟು ಹೆಗಲು?



ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಊರಿದೆ. ಅಲ್ಲಿ ಒಂದು ಮನೆಯಲ್ಲಿ 31 ವರ್ಷದ ಮಗ ತೀರಿಕೊಂಡು ಏಳು ದಿನಗಳಾಗಿದ್ದವು. ಸಂಜೆಯ ಪ್ರಾರ್ಥನೆ ಮುಗಿದು, ಬಂದವರೆಲ್ಲ ಚಹಾ ಕುಡಿದು ಎದ್ದು ಹೋದ ಮೇಲೆ, ಗೋಡೆಗೆ ಒರಗಿ ಕುಳಿತಿದ್ದ ತಂದೆ ನನ್ನನ್ನು ಹತ್ತಿರ ಕರೆದರು. ಸಕ್ಕರೆ ಕಾಯಿಲೆಯಿಂದ ಅವರ ಮೂತ್ರಪಿಂಡಗಳು ಕೆಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಅವರು ಹೇಳಿದ್ದು ಇಷ್ಟು:

"ಫಾದರ್, ಈ ಸಾವು ನನಗ ಬರಬೇಕಾಗಿತ್ರಿ. ಹುಡುಗಗ ಬಂತು. ಇನ್ನ ನಾ ಮಷೀನಿಗೆ ಹೋಗಂಗಿಲ್ಲ. ನನ್ನ ಮ್ಯಾಲ ರೊಕ್ಕ ಹಾಕಿ ಹಾಕಿ ಮನಿ ಖಾಲಿ ಆತು. ಹೋಗೂದು ಬಿಟ್ರ ಅದು ಪಾಪ ಆಗ್ತದೇನ್ರಿ?"

ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಇಂಥದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದಿದ್ದೇನೆ. ಅಂದು ಆ ಮನೆಯಲ್ಲಿ ಬಾಯಿಂದ ಮಾತು ಹೊರಡಲಿಲ್ಲ. "ಕಾಕಾ, ಎರಡು ದಿನ ಬಿಟ್ಟು ಬರ್ತೀನಿ. ಅಲ್ಲೀ ತನಕ ಹೋಗೂದು ಬಿಡಬ್ಯಾಡ್ರಿ" ಎಂದಷ್ಟೇ ಹೇಳಿ ಹೊರಬಂದೆ. ಆ ಎರಡು ದಿನಗಳಲ್ಲಿಯೂ ಆಮೇಲೆಯೂ ನಾನು ಯೋಚಿಸಿದ್ದನ್ನು, ಆ ಮನೆಯವರ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ನಿಮ್ಮ ಮುಂದಿಡುತ್ತಿದ್ದೇನೆ.

ಸಾವಿನ ಮನೆಯ ಮಾತುಗಳು

ಮಗ ಬಸವಕಲ್ಯಾಣದಲ್ಲಿ ಲಾರಿ ರಿಪೇರಿಯ ಕೆಲಸ ಮಾಡುತ್ತಿದ್ದ. ಒಂದು ಬೆಳಿಗ್ಗೆ ಕೆಲಸದ ಜಾಗದಲ್ಲಿಯೇ ಕುಸಿದು ಬಿದ್ದ. ಸುತ್ತಲಿದ್ದವರು ಮುಖಕ್ಕೆ ನೀರು ಚಿಮುಕಿಸಿದರು. ಮೂರ್ಛೆರೋಗವಿರಬಹುದೆಂದು ಕೈಯಲ್ಲಿ ಬೀಗದ ಕೈ ಹಿಡಿಸಿದರು. ಜೀಪು ತಂದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅವರನ್ನು ನಾನು ದೂರುತ್ತಿಲ್ಲ. ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆನೋ ಏನೋ.

ಆ ಮನೆಯಲ್ಲಿ ಸಾಂತ್ವನಕ್ಕೆಂದು ಆಡಿದ ಮೂರು ಮಾತುಗಳು ನನ್ನ ಕಿವಿಗೆ ಬಿದ್ದವು. ಒಬ್ಬರು, "ದೇವರು ತಮಗೆ ಬೇಕಾದವರನ್ನು ಬೇಗ ಕರೆದುಕೊಳ್ಳುತ್ತಾರೆ" ಎಂದರು. ಇನ್ನೊಬ್ಬರು ಪಿಸುಮಾತಿನಲ್ಲಿ, "ಯಾರು ಮಾಡಿದ ಪಾಪವೋ" ಎಂದರು. ಮೂರನೆಯವರು, "ಒಂದು ರೀತಿಯಲ್ಲಿ ಪುಣ್ಯವಂತ. ನರಳಲಿಲ್ಲ, ಆಸ್ಪತ್ರೆ ಖರ್ಚಿಲ್ಲ, ಯಾರಿಗೂ ಭಾರವಾಗಲಿಲ್ಲ" ಎಂದರು.

ಮೊದಲನೆಯ ಮಾತಿಗೆ ಶುಭಸಂದೇಶವೇ ಉತ್ತರ ಕೊಡುತ್ತದೆ. ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸುಸ್ವಾಮಿ, ಇದು ತಂದೆಯ ಇಷ್ಟ, ಅಳಬೇಡಿ ಎನ್ನಲಿಲ್ಲ. ತಾವೇ ಕಣ್ಣೀರಿಟ್ಟರು. ಯೌವನದ ಸಾವು ದುಃಖಪಡಬೇಕಾದ ಸಾವು. ಅದನ್ನು ದೇವರ ಪ್ರೀತಿಯ ಗುರುತೆಂದು ಹೇಳಿ ತಾಯಿಯ ಅಳುವನ್ನು ತಡೆಯುವ ಹಕ್ಕು ನಮಗಿಲ್ಲ.

ಎರಡನೆಯ ಮಾತಿಗೂ ಉತ್ತರವಿದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇದು ಯಾರ ಪಾಪದ ಫಲ ಎಂದು ಕೇಳಿದರು. ಅದು ಅವನದೂ ಅಲ್ಲ, ಅವನ ತಂದೆತಾಯಿಯದೂ ಅಲ್ಲ ಎಂದರು ಯೇಸು. ಸಿಲೋವದ ಗೋಪುರ ಕುಸಿದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳಾಗಿರಲಿಲ್ಲವೆಂದೂ ಹೇಳಿದರು. ಮಗನನ್ನು ಕಳೆದುಕೊಂಡವರ ತಲೆಯ ಮೇಲೆ ಪಾಪದ ಹೊರೆಯನ್ನೂ ಇಡುವುದು ಕ್ರೈಸ್ತರ ಬಾಯಿಗೆ ಸಲ್ಲದ ಮಾತು.

ಮೂರನೆಯ ಮಾತು ನನ್ನನ್ನು ಬಿಡಲಿಲ್ಲ. ಅದನ್ನಾಡುವಾಗ ತಂದೆ ಅಲ್ಲಿಯೇ ಕುಳಿತಿದ್ದರು. ಹೇಳಿದವರಿಗೆ ಅವರ ನೆನಪಿರಲಿಲ್ಲ. ತಂದೆಯ ಕಿವಿಗೆ ಮಾತ್ರ ಆ ಮಾತು ಬೇರೆಯಾಗಿ ಕೇಳಿಸಿತು: ಹಾಗಾದರೆ ನಾನು ಪುಣ್ಯಹೀನ, ನರಳುತ್ತಿದ್ದೇನೆ, ಖರ್ಚು ಮಾಡಿಸುತ್ತಿದ್ದೇನೆ, ಭಾರವಾಗಿದ್ದೇನೆ. ಅವರ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ ಎಂದು ನನಗೆ ಆಮೇಲೆ ಹೊಳೆಯಿತು.

ದಿಢೀರ್ ಸಾವು ದಿಢೀರನೆ ಬರುತ್ತದೆಯೇ?

ಮೊದಲು ತಿಳಿವಳಿಕೆಯ ಮಾತನ್ನು ಆಡೋಣ. ಹೃದಯಾಘಾತ, ಹೃದಯ ಸ್ತಂಭನ ಎರಡನ್ನೂ ನಾವು ಒಂದೇ ಎಂದುಕೊಳ್ಳುತ್ತೇವೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಹೃದಯವನ್ನು ಬಡಿಸುವ ವಿದ್ಯುತ್ ಗತಿ ಹಠಾತ್ತನೆ ಕೆಟ್ಟು ಬಡಿತವೇ ನಿಂತುಹೋದರೆ ಅದು ಹೃದಯ ಸ್ತಂಭನ. ಮೊದಲನೆಯದರಲ್ಲಿ ರೋಗಿ ನೋವು ಹೇಳಿಕೊಳ್ಳಬಲ್ಲ. ಎರಡನೆಯದರಲ್ಲಿ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪುತ್ತಾನೆ. ಮೊದಲನೆಯದು ಅನೇಕ ಸಲ ಎರಡನೆಯದಕ್ಕೆ ದಾರಿಯಾಗುತ್ತದೆ. ಯುವಕರಲ್ಲಿ ಬೇರೆ ಕಾರಣಗಳೂ ಇವೆ: ದಪ್ಪವಾದ ಹೃದಯದ ಸ್ನಾಯು, ವಂಶದಲ್ಲಿ ಬರುವ ಬಡಿತದ ದೋಷ. ಆದ್ದರಿಂದಲೇ ಮನೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನಲ್ಲಿ ಹೀಗೆ ತೀರಿಕೊಂಡರೆ ಅವರ ಒಡಹುಟ್ಟಿದವರು, ಮಕ್ಕಳು ತಪ್ಪದೆ ಇಸಿಜಿ ಮತ್ತು ಎಕೋ ಪರೀಕ್ಷೆ ಮಾಡಿಸಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ನಾಡು ಬೆಚ್ಚಿತು. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹೃದಯಾಘಾತದ ಸುದ್ದಿಗಳು ಬಂದಾಗ ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸರದಿ ನಿಂತರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವಾಗಿದ್ದವು. ಹೊಸದೊಂದು ಗುಪ್ತ ಕಾರಣ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಕಾರಣಗಳೇ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನ, ಮದ್ಯಪಾನ.

ಕೋವಿಡ್ ಲಸಿಕೆಯೇ ಇದಕ್ಕೆ ಕಾರಣವೆಂಬ ಮಾತು ನಮ್ಮ ಊರುಗಳಲ್ಲೂ ಹರಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 18ರಿಂದ 45 ವರ್ಷದೊಳಗಿನವರ ವಿವರಣೆ ಸಿಗದ ದಿಢೀರ್ ಸಾವುಗಳನ್ನು ಅಧ್ಯಯನ ಮಾಡಿ 2023ರಲ್ಲಿ ವರದಿ ಪ್ರಕಟಿಸಿತು. ಸತ್ತ 729 ಮಂದಿಯನ್ನು ಬದುಕಿದ್ದ 2,916 ಮಂದಿಯೊಂದಿಗೆ ಹೋಲಿಸಿ ನೋಡಿದಾಗ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ. ಅಪಾಯ ಹೆಚ್ಚಿಸಿದ್ದು ಕುಟುಂಬದಲ್ಲಿ ಹಿಂದೆ ನಡೆದ ದಿಢೀರ್ ಸಾವು, ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದುದು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿದದ್ದು ಅಥವಾ ಮೈಮುರಿಯುವ ಶ್ರಮ ಮಾಡಿದ್ದು. ಸುಳ್ಳು ಸುದ್ದಿಗೆ ಕಿವಿಗೊಟ್ಟರೆ ನಿಜವಾದ ಕಾರಣದ ಕಡೆಗೆ ಕಣ್ಣು ಹೋಗುವುದಿಲ್ಲ.

ಯಾವ ಸೂಚನೆಯೂ ಇಲ್ಲದೆ ಬರುವ ಸಾವುಗಳಿವೆ. ಅವುಗಳಿಗೆ ಯಾರನ್ನೂ ದೂರಬಾರದು. ಆದರೆ ಎಷ್ಟೋ ದಿಢೀರ್ ಸಾವುಗಳು ವರ್ಷಗಟ್ಟಲೆ ನಡೆದು ಬಂದಿರುತ್ತವೆ. ಬಾಗಿಲು ತಟ್ಟುವುದು ಮಾತ್ರ ಒಂದು ದಿನ. ಈ ಮನೆಯ ವಿಷಯ ಏನೆಂದು ಕೇಳಿದಾಗ ಸೊಸೆ ಅಳುತ್ತ ಹೇಳಿದಳು. ಹದಿನೈದು ದಿನಗಳಿಂದ ಅವನಿಗೆ ಎದೆಯಲ್ಲಿ ಹಿಡಿದಂತಾಗುತ್ತಿತ್ತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದ. ಅಂಗಡಿಯಿಂದ ಒಂದು ಗುಳಿಗೆ ತಂದು ನುಂಗಿದ. ಆಸ್ಪತ್ರೆಗೆ ಹೋಗೋಣವೆಂದಾಗ, "ಮನ್ಯಾಗ ಒಬ್ಬರ ಆಸ್ಪತ್ರೆ ಖರ್ಚೇ ಸಾಕಾಗೇದ. ಅಪ್ಪಗ ಹೇಳಬ್ಯಾಡ" ಎಂದನಂತೆ.

ಪ್ರಿಯರೇ, ಇಲ್ಲಿ ಒಂದು ಕ್ಷಣ ನಿಂತು ನೋಡಿ. ತಂದೆಯ ಖರ್ಚು ಹೆಚ್ಚಾಗಬಾರದೆಂದು ಮಗ ತನ್ನ ನೋವನ್ನು ಮುಚ್ಚಿಟ್ಟ. ಮನೆಯ ಖರ್ಚು ಕಡಿಮೆಯಾಗಲೆಂದು ತಂದೆ ತನ್ನ ಜೀವವನ್ನೇ ಬಿಡಲು ಹೊರಟಿದ್ದಾರೆ. ಇಬ್ಬರಲ್ಲಿಯೂ ಪ್ರೀತಿಗೆ ಕೊರತೆಯಿರಲಿಲ್ಲ. ಆದರೆ ಹಣದ ಭಯ ಇಬ್ಬರ ಬಾಯಿಯನ್ನೂ ಕಟ್ಟಿಹಾಕಿತು. ಒಂದೇ ಸೂರಿನಡಿ ಇಬ್ಬರೂ ಒಬ್ಬಂಟಿಗರಾದರು.

ಹಿರಿಯರು ಬೇಡಿದ್ದೇನು, ನಾವು ಬೇಡುವುದೇನು?

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಸಂತರ ಪ್ರಾರ್ಥನಾಮಾಲೆ ಹೇಳುವಾಗ, ಸಿದ್ಧತೆಯಿಲ್ಲದ ದಿಢೀರ್ ಮರಣದಿಂದ ತಮ್ಮನ್ನು ಕಾಪಾಡಬೇಕೆಂದು ದೇವರನ್ನು ಬೇಡುತ್ತಿದ್ದರು. ಸಂತ ಜೋಸೆಫರನ್ನು ಒಳ್ಳೆಯ ಮರಣದ ಪಾಲಕರೆಂದು ನಾವು ಗೌರವಿಸುವುದೇಕೆ? ಅವರು ನೋವಿಲ್ಲದೆ ತಟ್ಟನೆ ಸತ್ತರೆಂದಲ್ಲ. ಯೇಸು ಮತ್ತು ಮಾತೆ ಮರಿಯರ ಕೈಯಲ್ಲಿ ತೀರಿಕೊಂಡರೆಂಬ ನಂಬಿಕೆಯಿಂದ. ಒಳ್ಳೆಯ ಮರಣವೆಂದರೆ ಜೊತೆಗಾರರಿರುವ ಮರಣ. ಕ್ಷಮೆ ಕೇಳಲು, ಕ್ಷಮಿಸಲು, ಮಕ್ಕಳಿಗೆ ಎರಡು ಮಾತು ಹೇಳಲು, ಪರಮಪ್ರಸಾದ ಸ್ವೀಕರಿಸಲು ಸಮಯವಿರುವ ಮರಣ.

ಇಂದು ನಾವು ಬೇಡುವುದು ಅದಕ್ಕೆ ತಿರುಗುಮುರುಗು. "ಹಾಸಿಗೆ ಹಿಡಿಸಬೇಡ ದೇವರೇ, ಮಲಗಿದಲ್ಲಿಯೇ ಕರೆದುಕೋ" ಎನ್ನುತ್ತೇವೆ. ಈ ಬೇಡಿಕೆಯಲ್ಲಿ ನೋವಿನ ಭಯಕ್ಕಿಂತ ಬಿಲ್ಲಿನ ಭಯವೇ ಹೆಚ್ಚು. ಮಗ ಸೊಸೆಯರ ಮುಖ ಸಣ್ಣದಾಗುವುದನ್ನು ನೋಡಬೇಕಲ್ಲ ಎಂಬ ಭಯ ಅದಕ್ಕಿಂತಲೂ ಹೆಚ್ಚು. ಈ ಭಯ ಸುಳ್ಳಲ್ಲ. ನಮ್ಮ ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ವೆಚ್ಚದಲ್ಲಿ ಜನರು ತಮ್ಮ ಕೈಯಿಂದಲೇ ತೆರುವ ಪಾಲು 2013-14ರಲ್ಲಿ ಶೇ. 64.2ರಷ್ಟಿತ್ತು. ಕೇಂದ್ರ ಸರ್ಕಾರದ ಲೆಕ್ಕದಂತೆ 2021-22ರಲ್ಲಿ ಅದು ಶೇ. 39.4ಕ್ಕೆ ಇಳಿದಿದೆ. ಇಳಿದದ್ದು ಸಂತೋಷವೇ. ಆದರೆ ಎರಡು ಎಕರೆ ತೊಗರಿ ಹೊಲದ ಮೇಲೆ ಬದುಕುವ ಮನೆಗೆ ಆ ಉಳಿದ ಪಾಲೇ ಸಾಲದ ಬಾಗಿಲು.

ಪಾಪವೇ, ಅಲ್ಲವೇ?

ಈಗ ತಂದೆಯ ಪ್ರಶ್ನೆಗೆ ಬರೋಣ. ಚಿಕಿತ್ಸೆ ಬಿಡುವುದು ಪಾಪವೇ?

ಧರ್ಮಸಭೆಯ ನೀತಿಶಾಸ್ತ್ರ ಈ ವಿಷಯವನ್ನು ಇಂದು ನಿನ್ನೆ ಯೋಚಿಸಿದ್ದಲ್ಲ. 16ನೇ ಶತಮಾನದಲ್ಲಿ ಸ್ಪೇನ್ ದೇಶದ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ದೋಮಿನಿಕನ್ ಸಭೆಯ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ ಇದನ್ನು ಬಹಳ ಮನುಷ್ಯ ಸಹಜವಾಗಿ ಬಿಡಿಸಿ ಹೇಳಿದರು. ಪ್ರಾಣ ಉಳಿಸಿಕೊಳ್ಳಲು ಎಲ್ಲರೂ ಸಾಮಾನ್ಯವಾಗಿ ಉಣ್ಣುವ ಆಹಾರವನ್ನು ಉಣ್ಣಬೇಕು. ಆದರೆ ವೈದ್ಯರು ಹೇಳಿದರೆಂದು ದುಬಾರಿಯ ಕೋಳಿಮಾಂಸವನ್ನೇ ತಿನ್ನಬೇಕೆಂಬ ಕಟ್ಟುಪಾಡಿಲ್ಲ, ಔಷಧಿಗಾಗಿ ಇದ್ದಬದ್ದ ಆಸ್ತಿಯನ್ನೆಲ್ಲ ಸುರಿಯಬೇಕೆಂಬ ಕಟ್ಟುಪಾಡೂ ಇಲ್ಲ ಎಂಬುದು ಅವರ ವಿಚಾರ. ಮುಂದೆ ಇದೇ ವಿಚಾರ ಸಾಮಾನ್ಯ ಉಪಾಯ, ಅಸಾಮಾನ್ಯ ಉಪಾಯ ಎಂಬ ಎರಡು ಹೆಸರುಗಳಲ್ಲಿ ಬೆಳೆಯಿತು. ಜಗದ್ಗುರು ಹನ್ನೆರಡನೇ ಪಿಯುಸ್ ಅವರು 1957ರಲ್ಲಿ ವೈದ್ಯರೊಂದಿಗೆ ಮಾತನಾಡುತ್ತ ಇದನ್ನೇ ದೃಢಪಡಿಸಿದರು. 1980ರಲ್ಲಿ ವಿಶ್ವಾಸ ಸಿದ್ಧಾಂತ ಪೀಠ ಹೊರಡಿಸಿದ ಘೋಷಣೆ ಇನ್ನಷ್ಟು ಸ್ಪಷ್ಟವಾಗಿದೆ: ಸಿಗುವ ಫಲಕ್ಕೆ ಮೀರಿದ ನೋವು, ಹೊರೆ, ವೆಚ್ಚ ಇರುವ ಚಿಕಿತ್ಸೆಯನ್ನು ಬೇಡವೆನ್ನುವುದು ಆತ್ಮಹತ್ಯೆಯಲ್ಲ. ಕುಟುಂಬದ ಮೇಲೆ ಅತಿಯಾದ ಖರ್ಚು ಹೇರಬಾರದೆಂಬ ಬಯಕೆಯನ್ನೂ ಅದು ನ್ಯಾಯವಾದ ಕಾರಣಗಳಲ್ಲಿ ಎಣಿಸುತ್ತದೆ.

ಆದ್ದರಿಂದ, "ಹಣದ ವಿಷಯ ಎತ್ತಬೇಡಿ, ಏನೇ ಆದರೂ ಚಿಕಿತ್ಸೆ ಬಿಡುವುದು ಪಾಪ" ಎಂದು ನಾನು ಆ ತಂದೆಗೆ ಹೇಳಲಾರೆ. ಹಾಗೆ ಹೇಳಿದರೆ ಧರ್ಮಸಭೆ ಹೊರಿಸದ ಹೊರೆಯನ್ನು ನಾನು ಹೊರಿಸಿದಂತಾಗುತ್ತದೆ. ಸಾಯುವ ಹಂತ ತಲುಪಿದ 85 ವರ್ಷದ ಅಜ್ಜಿಗೆ ವೆಂಟಿಲೇಟರ್ ಹಾಕಿಸಲು ಹೊಲ ಅಡವಿಡದ ಮಗ ತಾಯಿಯನ್ನು ಕೊಂದವನಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು; ಏಕೆಂದರೆ ಎಷ್ಟೋ ಮನೆಗಳು ಈ ಸುಳ್ಳು ಅಪರಾಧ ಭಾವನೆಯಲ್ಲಿಯೇ ಸಾಲಗಾರರಾಗುತ್ತಿವೆ.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿದರೆ ಲೆಕ್ಕವೇ ತಲೆಕೆಳಗಾಗಿದೆ. ಸಾಮಾನ್ಯ ಉಪಾಯವನ್ನು ಬಿಡುತ್ತೇವೆ. ಅಸಾಮಾನ್ಯ ಉಪಾಯಕ್ಕೆ ಹೊಲ ಮಾರುತ್ತೇವೆ. ಬಿ.ಪಿ., ಸಕ್ಕರೆಯ ಗುಳಿಗೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಟ್ಟಿಯಾಗಿಯೇ ಕೊಡುವಂಥವು. ಕೊಂಡರೂ ಜನೌಷಧಿ ಅಂಗಡಿಯಲ್ಲಿ ಬೆಲೆ ಕಡಿಮೆ. ಅವನ್ನು, ಈಗ ಆರಾಮ ಇದೆಯಲ್ಲ ಎಂದು ನಡುವೆ ನಿಲ್ಲಿಸುತ್ತೇವೆ. ಈ ತಂದೆಯೂ ಮಗಳ ಮದುವೆಯ ವರ್ಷ ಗುಳಿಗೆಗಳನ್ನು ಬಿಟ್ಟವರು ಮತ್ತೆ ಮುಟ್ಟಲಿಲ್ಲ. ಮೂತ್ರಪಿಂಡಗಳು ಸದ್ದಿಲ್ಲದೆ ಕೆಟ್ಟವು. ಅಂದು ಉಳಿಸಿದ್ದು ತಿಂಗಳಿಗೆ ಕೆಲವು ನೂರು ರೂಪಾಯಿ. ಇದನ್ನು ನಾನು ಅವರನ್ನು ನಿಂದಿಸಲು ಬರೆಯುತ್ತಿಲ್ಲ, ಅವರೇ ಬರೆಯಲು ಹೇಳಿದರು: "ನನ್ನ ಹಂಗ ಮತ್ತೊಬ್ಬರು ಮಾಡಬಾರದ್ರಿ." ಶರೀರ ದೇವರು ಕೊಟ್ಟ ವರ, ಅದನ್ನು ತಕ್ಕಮಟ್ಟಿಗೆ ನೋಡಿಕೊಳ್ಳುವುದು ಕರ್ತವ್ಯ ಎಂದು ಧರ್ಮೋಪದೇಶ ಕಲಿಸುತ್ತದೆ. ದಿನದ ಗುಳಿಗೆ ನುಂಗುವುದು ಸಣ್ಣ ಕೆಲಸ. ಆದರೆ ಅದೂ ಆ ಕರ್ತವ್ಯದ ಒಂದು ಭಾಗ.

ಅತಿಯಾದ ಭಾರ ಯಾವುದು?

ಇಲ್ಲಿಯವರೆಗಿನದು ಪುಸ್ತಕದಲ್ಲಿ ಸಿಗುತ್ತದೆ. ಪುಸ್ತಕದಲ್ಲಿ ಸಿಗದ ಒಂದು ಮಾತನ್ನು ಆ ಮನೆ ನನಗೆ ಕಲಿಸಿತು.

ಮಗನ ಶವಯಾತ್ರೆಯ ದಿನ ಪೆಟ್ಟಿಗೆಗೆ ಹೆಗಲು ಕೊಡಲು ನೂಕುನುಗ್ಗಲು. ನಾಲ್ಕು ಹೆಜ್ಜೆಗೊಬ್ಬರಂತೆ ಹೆಗಲು ಬದಲಾಯಿಸಿದರು. ನಮ್ಮವರು, ಮೆಥೊಡಿಸ್ಟ್ ಸಭೆಯವರು, ಲಿಂಗಾಯತರು, ಮುಸಲ್ಮಾನರು ಎಲ್ಲರೂ ಇದ್ದರು. ಯಾರಿಗೂ ಆ ಪೆಟ್ಟಿಗೆ ಭಾರವೆನಿಸಲಿಲ್ಲ. ಅದೇ ತಂದೆ ಎರಡು ವರ್ಷಗಳಿಂದ ವಾರಕ್ಕೆರಡು ಸಲ ಬಸ್ಸು ಹತ್ತುತ್ತಿದ್ದಾರೆ. ಡಯಾಲಿಸಿಸ್‌ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲ. ಆದರೆ ಅಲ್ಲಿಗೆ ಹೋಗಲು ಹಣ ಬೇಕು. ಹೊರಗೆ ಬರೆದುಕೊಡುವ ಚುಚ್ಚುಮದ್ದಿಗೆ, ಪರೀಕ್ಷೆಗೆ ಹಣ ಬೇಕು. ಜೊತೆಗೆ ಬರುವವನ ದಿನಗೂಲಿ ಹೋಗುತ್ತದೆ. ಮಗನೇ ಜೊತೆಗೆ ಹೋಗುತ್ತಿದ್ದ. ಎರಡು ವರ್ಷಗಳಲ್ಲಿ ಊರಿನ ಒಬ್ಬರೂ, "ಈ ವಾರ ನಾ ಕರಕೊಂಡು ಹೋಗ್ತೀನಿ" ಎಂದದ್ದು ಆ ಮನೆಯವರಿಗೆ ನೆನಪಿಲ್ಲ. ಧರ್ಮಕೇಂದ್ರದ ಗುರು ಎನಿಸಿಕೊಂಡ ನಾನೂ ಕೇಳಿರಲಿಲ್ಲ. ತಿಂಗಳಿಗೊಮ್ಮೆ ಪರಮಪ್ರಸಾದ ಕೊಟ್ಟು, ಆಶೀರ್ವದಿಸಿ ಬರುತ್ತಿದ್ದೆ.

ಒಂದು ಚಿಕಿತ್ಸೆ ಅತಿಯಾದ ಭಾರವೇ ಅಲ್ಲವೇ ಎಂಬುದು ರೋಗಿಯ ದೇಹವನ್ನು, ಚಿಕಿತ್ಸೆಯ ಬೆಲೆಯನ್ನು ಮಾತ್ರ ಅವಲಂಬಿಸಿಲ್ಲ. ಅದನ್ನು ಎಷ್ಟು ಹೆಗಲುಗಳು ಹೊರುತ್ತಿವೆ ಎಂಬುದನ್ನೂ ಅವಲಂಬಿಸಿದೆ. ಒಬ್ಬ ಮಗನ ಹೆಗಲಿಗೆ ಹೊರಲಾಗದ್ದು ಹತ್ತು ಮನೆಗಳ ಹೆಗಲಿಗೆ ಸಾಮಾನ್ಯ. ಹಾಗಿರುವಾಗ, ನಾವು ಹೊರಬಹುದಾಗಿದ್ದ ಭಾರಕ್ಕೆ ಹೆಗಲು ಕೊಡದೆ, ಅದು ಅತಿಯಾಯಿತೆಂದು ರೋಗಿಯ ಬಾಯಿಂದಲೇ ಹೇಳಿಸಿ, ಆಮೇಲೆ ಅವನ ಮನಸ್ಸಾಕ್ಷಿಯನ್ನು ತೂಗಲು ಕೂರುವುದು ನ್ಯಾಯವೇ? ಪಾಪವಾಗುತ್ತದೆಯೇ ಎಂದು ಆತ ಕೇಳಿದರು. ಆ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕಾದವರು ನಾವು.

ನಮ್ಮ ನೆಲದ ನೆನಪನ್ನು ಇಲ್ಲಿ ತರಲೇಬೇಕು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕಾಯಕವೆಂಬ ತತ್ವವನ್ನು ಕೊಟ್ಟರು. ದುಡಿಮೆಗೆ ಈ ಭಾಗದಲ್ಲಿ ಇಂದಿಗೂ ಇರುವ ಗೌರವಕ್ಕೆ ಆ ಬೇರಿದೆ. ಆದ್ದರಿಂದಲೇ ದುಡಿಯಲಾಗದವನಿಗೆ ತಾನು ಯಾರಿಗೂ ಬೇಡದವನೆಂಬ ನಾಚಿಕೆ ಬೇಗ ಬರುತ್ತದೆ. ಆದರೆ ಶರಣರು ಕಾಯಕವೊಂದನ್ನೇ ಹೇಳಲಿಲ್ಲ. ಅದರ ಜೊತೆಗೆ ದಾಸೋಹವನ್ನೂ ಹೇಳಿದರು. ದುಡಿದದ್ದನ್ನು ಹಂಚಿಕೊಳ್ಳುವುದು ದಾಸೋಹ. ಇಡೀ ಜೀವಮಾನ ಕಾಯಕ ಮಾಡಿ ಮನೆ ಕಟ್ಟಿದವರು ಈಗ ದಾಸೋಹದ ಪಂಕ್ತಿಯಲ್ಲಿ ಕುಳಿತರೆ ಅದರಲ್ಲಿ ನಾಚಿಕೆ ಯಾವುದು?

ನಮ್ಮ ಶುಭಸಂದೇಶವೂ ಬೇರೆ ಹೇಳುವುದಿಲ್ಲ. ಒಳ್ಳೆಯ ಸಮಾರಿತನ ಕಥೆ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಬಿದ್ದವನ ಗಾಯ ತೊಳೆದು, ಎಣ್ಣೆ ಹಚ್ಚಿ ಕಟ್ಟಿದ್ದನ್ನು ನಾವು ಹೊಗಳುತ್ತೇವೆ. ಮುಂದಿನ ಭಾಗವನ್ನು ಓದಿ ಬಿಟ್ಟುಬಿಡುತ್ತೇವೆ. ಅವನನ್ನು ಛತ್ರಕ್ಕೆ ಸೇರಿಸಿ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ. ಅದು ಆ ಕಾಲದ ಎರಡು ದಿನದ ಕೂಲಿ. ಇನ್ನೂ ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆ ಎನ್ನುತ್ತಾನೆ. ದಾರಿಯ ಮೇಲಿನ ಆರೈಕೆ ಒಂದು ಗಳಿಗೆಯದು, ಛತ್ರದ ಲೆಕ್ಕ ಅನೇಕ ದಿನಗಳದು. ದಿಢೀರನೆ ಕುಸಿದವನಿಗೆ ಮೊದಲನೆಯದು ಬೇಕು, ದೀರ್ಘರೋಗಿಗೆ ಎರಡನೆಯದು ಬೇಕು. ನೆರೆಯವನಾಗುವುದೆಂದರೆ ಎರಡನ್ನೂ ಮಾಡುವುದು.

ಮಾಡಬಹುದಾದದ್ದು

ನಮ್ಮಿಂದ ಆಗುವ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಎದೆ ಒತ್ತುವುದನ್ನು ಕಲಿಯಿರಿ. ಕುಸಿದವನಿಗೆ ಪ್ರಜ್ಞೆಯಿಲ್ಲ, ಉಸಿರಾಟ ಸರಿಯಾಗಿಲ್ಲ ಎಂದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ನೆರವು ಬರುವವರೆಗೂ ನಿಲ್ಲಿಸಬಾರದು. ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕಡಿಮೆಯಾಗುತ್ತದೆ. ನಮ್ಮ ಯುವಜನರ ಸಂಘ ಹಬ್ಬದ ಆಟೋಟಗಳ ಜೊತೆಗೆ ಇದನ್ನು ಒಂದು ಭಾನುವಾರ ಕಲಿಯಲಿ.

ಎರಡನೆಯದು, ಎದೆನೋವನ್ನು ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಿಂದ ನಡೆದಿದೆ. ಅದಕ್ಕೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುತ್ತಾರೆ. ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಹಿಂದಿನಂತೆ ಸೊಲ್ಲಾಪುರ, ಹೈದರಾಬಾದ್ ಎಂದು ಅಲೆಯಬೇಕಾಗಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಕಾರ್ಡು ಮಾಡಿಸಲು ಓದುಬರಹ ಬಲ್ಲವರು ಬಾರದವರ ಜೊತೆಗೆ ಒಂದು ದಿನ ಹೋಗಿಬನ್ನಿ. ಅದೂ ಪ್ರೀತಿಯ ಕಾರ್ಯವೇ.

ಮೂರನೆಯದು, ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳುವ ಏರ್ಪಾಡು. ನಮ್ಮಲ್ಲಿ ನರ್ಸ್ ಆಗಿ ದುಡಿಯುವ ಹೆಣ್ಣುಮಕ್ಕಳು ಎಷ್ಟೊಂದು ಮಂದಿ! ಅವರಿಗೆ ಒಂದು ಮೇಜು, ಎರಡು ಕುರ್ಚಿ ಸಾಕು.

ನಾಲ್ಕನೆಯದು, ಸಾವಿನ ನಂತರದ ಊಟಕ್ಕೂ ಹಬ್ಬದ ಪಟಾಕಿಗೂ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ಬದುಕಿರುವ ರೋಗಿಗಳ ಓಡಾಟಕ್ಕೆ ಎತ್ತಿಡೋಣ. ಸತ್ತವನಿಗೆ ಹೆಗಲು ಕೊಡುವುದು ದಯೆಯ ಕೆಲಸ. ಬದುಕಿರುವವನಿಗೆ ಹೆಗಲು ಕೊಡುವುದೂ ಅದೇ ಕೆಲಸ, ಸ್ವಲ್ಪ ಮುಂಚಿತವಾಗಿ.

ಎರಡು ದಿನಗಳ ನಂತರ

ಹೇಳಿದಂತೆ ಎರಡು ದಿನ ಬಿಟ್ಟು ಆ ಮನೆಗೆ ಹೋದೆ. ಸಮಾರಿತನ ಕಥೆಯನ್ನಾಗಲೀ ಸಲಮಾಂಕಾದ ಗುರುವಿನ ವಿಚಾರವನ್ನಾಗಲೀ ಹೇಳಲಿಲ್ಲ. "ಕಾಕಾ, ನಿಮ್ಮ ಪ್ರಶ್ನೆಗೆ ಉತ್ತರ ಹೇಳೂಕ್ಕಿಂತ ಮೊದಲ ನಿಮ್ಮ ಹತ್ರ ಕ್ಷಮಾ ಕೇಳಬೇಕಾಗೇದ" ಎಂದೆ. ಆಮೇಲೆ ಇದೆಲ್ಲವನ್ನೂ ಸರಳವಾಗಿ ಮಾತನಾಡಿದೆವು. ಮುಂದೊಂದು ದಿನ ದೇಹ ಸಾಕೆಂದಾಗ, ವೈದ್ಯರೂ ಫಲವಿಲ್ಲವೆಂದಾಗ, ನಿಲ್ಲಿಸುವುದು ಪಾಪವಲ್ಲ. ಅಂದು ನಾನೇ ಬಂದು ಅಭ್ಯಂಗನ ಮಾಡಿ ನಿಮ್ಮ ಪಕ್ಕದಲ್ಲಿ ಕೂರುತ್ತೇನೆ ಎಂದೆ. ಆದರೆ ಭಾರವಾದೆನೆಂಬ ನಾಚಿಕೆಯಿಂದ ಇಂದೇ ನಿಲ್ಲಿಸಬೇಡಿ; ನಿಮ್ಮ ಭಾರವನ್ನು ನಾವಿನ್ನೂ ಹೊತ್ತು ನೋಡಿಯೇ ಇಲ್ಲ ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. "ನೋಡೂಣ್ರಿ" ಎಂದರು.

ಅಂದಿನಿಂದ ನಾಲ್ವರು ಯುವಕರು ಸರದಿಯ ಮೇಲೆ ಅವರನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಅವರಲ್ಲಿ ಇಬ್ಬರು ನಮ್ಮ ಧರ್ಮಕೇಂದ್ರದವರು, ಒಬ್ಬ ಮೆಥೊಡಿಸ್ಟ್, ಇನ್ನೊಬ್ಬ ಮಗನ ಜೊತೆಗೆ ಲಾರಿ ರಿಪೇರಿ ಮಾಡುತ್ತಿದ್ದ ಮುಸಲ್ಮಾನ ಹುಡುಗ. ಕೆಲವು ವಾರಗಳಲ್ಲಿ ಅವ್ವ ಜೊತೆಗಿರುತ್ತಾರೆ. ಶಕ್ತಿ ಯೋಜನೆಯಿಂದ ಅವರಿಗೆ ಬಸ್ ಟಿಕೆಟ್ ಇಲ್ಲ. ದುಃಖ ಕಡಿಮೆಯಾಗಿದೆ ಎಂದು ನಾನು ಹೇಳುವುದಿಲ್ಲ. ಪ್ರತಿ ಸಲ ಹೊರಡುವಾಗಲೂ ಅವರು, "ಇದೊಂದು ಸಲ ಅಷ್ಟ" ಎನ್ನುತ್ತಾರಂತೆ. ಹಾಗೆನ್ನುತ್ತಲೇ ಹೋಗಿ ಬರುತ್ತಾರೆ.

ಪ್ರಿಯ ಓದುಗರೇ, ಈ ಪತ್ರಿಕೆಯನ್ನು ಮಡಿಸಿಡುವ ಮುನ್ನ ಎರಡು ಪ್ರಶ್ನೆಗಳನ್ನು ನಿಮ್ಮ ಮನೆಯವರೊಂದಿಗೆ ಕುಳಿತು ಕೇಳಿಕೊಳ್ಳಿ. ಖರ್ಚಾದೀತೆಂದು ನಮ್ಮ ಮನೆಯಲ್ಲಿ ಯಾರಾದರೂ ನೋವನ್ನು ಮುಚ್ಚಿಡುತ್ತಿದ್ದಾರೆಯೇ? ನಮ್ಮ ಬೀದಿಯಲ್ಲಿ ಒಬ್ಬಂಟಿಯಾಗಿ ಬಸ್ಸು ಹತ್ತುವ ರೋಗಿ ಯಾರು? ಮೊದಲನೆಯದಕ್ಕೆ ಇಂದು ರಾತ್ರಿ ಊಟದ ಹೊತ್ತಿನಲ್ಲಿ ಉತ್ತರ ಸಿಗಬಹುದು. ಎರಡನೆಯದಕ್ಕೆ ನಾಳೆ ಬೆಳಿಗ್ಗೆ ಬಾಗಿಲು ತೆರೆದರೆ ಸಾಕು.